ಒಂದು ಅಭ್ಯರ್ಥಿಗೆ ಒಂದೇ ಪೆಟ್ಟಿಗೆ: ಶಾಂತವೇರಿ ಗೋಪಾಲಗೌಡರು ಮತ್ತು ಸಣ್ಣ ಪಕ್ಷದ ಲೆಕ್ಕ

1952ರ ಮೊದಲ ಚುನಾವಣೆಯಲ್ಲಿ ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿಯೇ ಇರಲಿಲ್ಲ. ಮತಗಟ್ಟೆಯೊಳಗೆ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಪೆಟ್ಟಿಗೆ ಮೇಲೆ ಚಿಹ್ನೆ ಅಂಟಿಸಿರುತ್ತಿತ್ತು. ಓದು ಬಾರದ ಮತದಾರ ಮರೆಯಲ್ಲಿ ಹೋಗಿ, ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಚೀಟಿ ಹಾಕಿ ಬರಬೇಕು. ಜೋಡೆತ್ತು ಕಾಂಗ್ರೆಸ್ಸಿನದು, ಮರ ಸಮಾಜವಾದಿಗಳದು, ಗುಡಿಸಲು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ್ದು.

ಸಾಗರ-ಹೊಸನಗರ ಕ್ಷೇತ್ರದಲ್ಲಿ ಆ ವರ್ಷ ಮರದ ಪೆಟ್ಟಿಗೆ ತುಂಬಿತು. ಗೆದ್ದವರು ಶಾಂತವೇರಿ ಗೋಪಾಲಗೌಡ. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಸೋತವರು ಎ.ಆರ್. ಬದರಿನಾರಾಯಣ್. ಮುಂದೆ ಸಚಿವರೂ ಸಂಸದರೂ ಆದ ಪ್ರಭಾವಿ ಕಾಂಗ್ರೆಸ್ಸಿಗ. ಅವರೆದುರು ಜೇಬಲ್ಲಿ ಕಾಸಿಲ್ಲದ ಹುಡುಗನೊಬ್ಬ ಗೆದ್ದಿದ್ದು ಆಗಿನ ಮೈಸೂರು ರಾಜ್ಯಕ್ಕೆ ದೊಡ್ಡ ಸುದ್ದಿ.

ಗೋಪಾಲಗೌಡರನ್ನು ಇವತ್ತು ನೆನೆಯುವ ರೀತಿ ಗೊತ್ತೇ ಇದೆ. ಪ್ರಾಮಾಣಿಕ, ನಿಷ್ಠುರ, ದುಡ್ಡು ಮಾಡದ ಶಾಸಕ, ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ಕೃಷ್ಣಪ್ಪನಿಗೆ ಮೂಲ. ಎಲ್ಲ ನಿಜ. ಆದರೆ ಈ ಸಂತನ ಚಿತ್ರದೊಳಗೆ ಒಬ್ಬ ರಾಜಕಾರಣಿ ಕಳೆದುಹೋಗಿದ್ದಾನೆ. ಇಪ್ಪತ್ತು ವರ್ಷ ಒಂದು ಸಣ್ಣ ಪಕ್ಷವನ್ನು ಕಟ್ಟಿಕೊಂಡು, ಅದು ಬೇರೆಯದರ ಜೊತೆ ಕೂಡಿ, ಒಡೆದು, ಮತ್ತೆ ಕೂಡಿ, ಮತ್ತೆ ಒಡೆದಿದ್ದನ್ನು ನೋಡಿದ ಮನುಷ್ಯ ಅವರು. ಸಣ್ಣ ಪಕ್ಷಕ್ಕೆ ಓಟು ಹಾಕಿದರೆ ಅದು ವ್ಯರ್ಥವಾ ಅಂತ ಪ್ರತಿ ಚುನಾವಣೆಯಲ್ಲೂ ನಾವು ಕೇಳಿಕೊಳ್ತೀವಲ್ಲ, ಆ ಪ್ರಶ್ನೆಯನ್ನು ಅವರ ಜೀವನದ ಉದ್ದಕ್ಕೂ ಇಟ್ಟು ನೋಡಬಹುದು.

ಹುಟ್ಟಿದ್ದು 1923ರ ಮಾರ್ಚ್ 14, ತೀರ್ಥಹಳ್ಳಿ ತಾಲೂಕಿನ ಆರಗದ ಹತ್ತಿರದ ಶಾಂತವೇರಿಯಲ್ಲಿ. ಒಕ್ಕಲಿಗ ಕುಟುಂಬ, ಬಡತನ. 1942ರ ಚಳವಳಿ ಬಂದಾಗ ವಿದ್ಯಾರ್ಥಿ. ಜೈಲಿಗೆ ಹೋದರು. ಹೊರಬಂದ ಮೇಲೆ ಆ ಕಾಲದ ಬಹಳ ಯುವಕರ ಹಾಗೆ ಸಮಾಜವಾದಿಗಳ ಕಡೆ ವಾಲಿದರು. ಜಯಪ್ರಕಾಶ, ಲೋಹಿಯಾ, ನರೇಂದ್ರದೇವ ಇವರೆಲ್ಲ ಕಾಂಗ್ರೆಸ್ಸಿನೊಳಗೇ ಒಂದು ಪಕ್ಷ ಕಟ್ಟಿಕೊಂಡಿದ್ದವರು, 1948ರಲ್ಲಿ ಹೊರಬಂದಿದ್ದರು. ಮಲೆನಾಡಿನಲ್ಲಿ ಆ ಪಕ್ಷಕ್ಕೆ ಕಚೇರಿಗಿಂತ ಮೊದಲು ಒಂದು ಹೋರಾಟ ಸಿಕ್ಕಿತು.

ಅದು ಕಾಗೋಡು. ಸಾಗರ ತಾಲೂಕಿನ ಒಂದು ಊರು. ಭೂಮಿ ಒಡೆಯರದು, ಉಳುವವರು ಹೆಚ್ಚಾಗಿ ದೀವರು. ಗೇಣಿ ಕೊಡಬೇಕಾದದ್ದು ಭತ್ತದಲ್ಲಿ, ಅಳೆಯುವುದು ಕೊಳಗದಲ್ಲಿ. ಒಡೆಯರ ಮನೆಯ ಕೊಳಗ ಸರ್ಕಾರಿ ಅಳತೆಯ ಕೊಳಗಕ್ಕಿಂತ ದೊಡ್ಡದು. ಜಗಳ ಅಷ್ಟೇ. ಎಷ್ಟು ಕೊಳಗ ಅನ್ನುವುದಲ್ಲ, ಯಾವ ಕೊಳಗ ಅನ್ನುವುದು. ಎಚ್. ಗಣಪತಿಯಪ್ಪನವರು ಕಟ್ಟಿದ್ದ ರೈತ ಸಂಘ ಸರ್ಕಾರಿ ಅಳತೆಯಲ್ಲೇ ಗೇಣಿ ಅಳೆಯಬೇಕು ಅಂತ ಹಟ ಹಿಡಿಯಿತು. ಒಡೆಯರು ಗೇಣಿದಾರರನ್ನು ಗದ್ದೆಯಿಂದ ಬಿಡಿಸಲು ಹೊರಟರು. 1951ರ ಏಪ್ರಿಲ್‌ನಲ್ಲಿ ರೈತರು ಗದ್ದೆಗಿಳಿದು ಉಳಲು ಶುರು ಮಾಡಿದರು, ಪೊಲೀಸರು ಹಿಡಿಯಲು ಶುರು ಮಾಡಿದರು. ತಂಡ ತಂಡವಾಗಿ ಜೈಲು ಸೇರಿದರು.

ಇಲ್ಲಿ ಸಮಾಜವಾದಿ ಪಕ್ಷ ಬಂತು. ಗೋಪಾಲಗೌಡರು ಮುಂದೆ ನಿಂತರು. ಜೂನ್‌ನಲ್ಲಿ ಸ್ವತಃ ಲೋಹಿಯಾ ಬಂದರು, ಸಾಗರದಲ್ಲಿ ಬಂಧನವಾದರು. ಲೋಹಿಯಾ ಹೆಸರಿನ ಜೊತೆ ಕಾಗೋಡು ದೇಶದ ಪತ್ರಿಕೆಗಳಿಗೆ ಹೋಯಿತು. ಗಮನಿಸಬೇಕಾದದ್ದು ಇದು: ಗೋಪಾಲಗೌಡರು ದೀವರಲ್ಲ. ಒಕ್ಕಲಿಗ ಹುಡುಗ ದೀವರ ಗದ್ದೆಗಾಗಿ ಲಿಂಗಾಯತ ಒಡೆಯರ ಎದುರು ನಿಂತಿದ್ದು. ಜಾತಿ ಲೆಕ್ಕದಲ್ಲಿ ಈ ಸಮೀಕರಣ ಹುಟ್ಟುವುದೇ ಇಲ್ಲ. ಗೇಣಿ ಅನ್ನುವ ಒಂದು ವಿಷಯ ಆ ಲೆಕ್ಕವನ್ನು ಸ್ವಲ್ಪ ಕಾಲ ಬದಿಗಿಟ್ಟಿತು. ಸಣ್ಣ ಪಕ್ಷ ಮಾಡಬಹುದಾದ ದೊಡ್ಡ ಕೆಲಸ ಬಹುಶಃ ಇಷ್ಟೇ. ದೊಡ್ಡ ಪಕ್ಷ ಒಡೆಯರನ್ನೂ ಗೇಣಿದಾರರನ್ನೂ ಒಂದೇ ಚಪ್ಪರದಡಿ ಕೂರಿಸಬೇಕು, ಹಾಗಾಗಿ ಕೊಳಗದ ವಿಷಯ ಎತ್ತಲಾರದು. ಕಳೆದುಕೊಳ್ಳಲು ಏನೂ ಇಲ್ಲದ ಪಕ್ಷ ಎತ್ತಬಹುದು.

ಸತ್ಯಾಗ್ರಹ ಆ ವರ್ಷ ತಕ್ಷಣಕ್ಕೆ ಗೆಲ್ಲಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಚುನಾವಣೆ ಬಂತು. ಮೊದಲ ಸಲ ವಯಸ್ಕ ಮತದಾನ. ಒಡೆಯನಿಗೂ ಒಂದೇ ಚೀಟಿ, ಗೇಣಿದಾರನಿಗೂ ಒಂದೇ ಚೀಟಿ. ಕೊಳಗದಲ್ಲಿ ಮೋಸ ಮಾಡಬಹುದಿತ್ತು, ಇಲ್ಲಿ ಆಗಲಿಲ್ಲ. ಗೋಪಾಲಗೌಡರು ಊರೂರು ನಡೆದರು. ಓಟು ಕೊಡಿ, ಅದರ ಜೊತೆ ಒಂದು ರೂಪಾಯಿ ನೋಟೂ ಕೊಡಿ ಅಂತ ಕೇಳಿದರು. ಇವತ್ತು ನೋಟು ಹರಿಯುವ ದಿಕ್ಕು ಯಾವುದು ಅಂತ ನಿಮಗೆ ಹೇಳಬೇಕಾಗಿಲ್ಲ.

ಸಾಗರದಲ್ಲಿ ಗೆದ್ದದ್ದು ನಿಜ, ಆದರೆ ರಾಜ್ಯದಲ್ಲಿ? 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 74. ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ 8. ಸಮಾಜವಾದಿಗಳಿಗೆ ಬರೀ 3. ದೇಶದ ಲೆಕ್ಕ ಇನ್ನೂ ಕ್ರೂರ. ಲೋಕಸಭೆಗೆ ಸಮಾಜವಾದಿಗಳು ಪಡೆದದ್ದು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಓಟು, ಸ್ಥಾನ 12. ಕಮ್ಯುನಿಸ್ಟರು ನೂರಕ್ಕೆ ಮೂರು ಚಿಲ್ಲರೆ ಪಡೆದು 16 ಸ್ಥಾನ ತಗೊಂಡರು. ಯಾಕೆಂದರೆ ಅವರ ಓಟು ಮದ್ರಾಸು, ಬಂಗಾಳದಂಥ ಕಡೆ ಗುಡ್ಡೆ ಬಿದ್ದಿತ್ತು, ಸಮಾಜವಾದಿಗಳದು ದೇಶದ ತುಂಬ ಚೆಲ್ಲಿಹೋಗಿತ್ತು. ಎಲ್ಲರಿಗಿಂತ ಒಂದು ಓಟು ಹೆಚ್ಚು ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಚೆಲ್ಲಿದ ಓಟಿಗೆ ಬೆಲೆಯಿಲ್ಲ.

ಬೇರೆ ಕಡೆ ಇದಕ್ಕೆ ಒಂದು ದಾರಿ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಬ್ಬನೇ ಅಭ್ಯರ್ಥಿ ಎರಡು ಪಕ್ಷಗಳ ಹೆಸರಲ್ಲಿ ನಿಲ್ಲಬಹುದು. ಮತಪತ್ರದಲ್ಲಿ ಅವನ ಹೆಸರು ಎರಡು ಕಡೆ ಇರುತ್ತೆ, ಕೊನೆಗೆ ಎರಡೂ ಕಡೆಯ ಓಟು ಕೂಡಿಸುತ್ತಾರೆ. ಎಲೆಕ್ಟೋರಲ್ ಫ್ಯೂಷನ್ ಅನ್ನುವುದು ಇದನ್ನೇ. ನ್ಯೂಯಾರ್ಕ್ ನಗರದ ಮೇಯರ್ ಲಾ ಗಾರ್ಡಿಯಾ 1937ರಲ್ಲಿ ರಿಪಬ್ಲಿಕನ್ ಮತ್ತು ಅಮೆರಿಕನ್ ಲೇಬರ್ ಎರಡೂ ಪಕ್ಷಗಳ ಸಾಲಿನಲ್ಲಿದ್ದವರು. ಅಲ್ಲಿ ಸಣ್ಣ ಪಕ್ಷಕ್ಕೆ ಒಂದು ಅನುಕೂಲ: ಗೆದ್ದವನ ಮುಂದೆ ಹೋಗಿ, ನೋಡಪ್ಪ, ನಿನ್ನ ಓಟಲ್ಲಿ ಇಷ್ಟು ನಮ್ಮ ಸಾಲಿನಿಂದ ಬಂದದ್ದು, ಇನ್ನು ನಮ್ಮ ಮಾತು ಕೇಳು ಅನ್ನಬಹುದು. ಹಾಗಂತ ಇಡೀ ಅಮೆರಿಕ ಹೀಗಿಲ್ಲ, ಹೆಚ್ಚಿನ ರಾಜ್ಯಗಳಲ್ಲಿ ಇದು ನಿಷಿದ್ಧ.

ನಮ್ಮಲ್ಲಿ ಅದು ಸಾಧ್ಯವೇ ಇಲ್ಲ. ಒಂದು ಅಭ್ಯರ್ಥಿಗೆ ಒಂದು ಚಿಹ್ನೆ, 1952ರಲ್ಲಾದರೆ ಒಂದೇ ಪೆಟ್ಟಿಗೆ. ಮರಕ್ಕೆ ಬಿದ್ದ ಚೀಟಿಯನ್ನೂ ಗುಡಿಸಲಿಗೆ ಬಿದ್ದ ಚೀಟಿಯನ್ನೂ ಕೂಡಿಸುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ. ಕೂಡಿಸಬೇಕಾದರೆ ಚುನಾವಣೆಗೆ ಮೊದಲೇ ಕೂಡಿಸಬೇಕು. ಒಂದೋ ಸೀಟು ಹೊಂದಾಣಿಕೆ, ಇಲ್ಲವೇ ಪಕ್ಷಗಳೇ ವಿಲೀನವಾಗಬೇಕು. ಎರಡರಲ್ಲೂ ಯಾರದೋ ಚಿಹ್ನೆ ಹೋಗುತ್ತೆ. ಚಿಹ್ನೆ ಹೋದರೆ ಯಾರ ಓಟು ಎಷ್ಟು ಅನ್ನುವ ಪುರಾವೆಯೂ ಹೋಗುತ್ತೆ.

ಸಮಾಜವಾದಿಗಳು ಎರಡನೆಯದನ್ನು ಮಾಡಿದರು. 1952ರ ಸೆಪ್ಟೆಂಬರ್‌ನಲ್ಲಿ ಸಮಾಜವಾದಿ ಪಕ್ಷ ಮತ್ತು ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷ, ಅಂದರೆ ಪಿಎಸ್‌ಪಿ ಆಯಿತು. ಚಿಹ್ನೆ ಗುಡಿಸಲು. ಸಾಗರ-ಹೊಸನಗರದ ಜನ ಮರಕ್ಕೆ ಓಟು ಹಾಕಿ ವರ್ಷ ತುಂಬುವುದರೊಳಗೆ ಮರವೇ ಇಲ್ಲ. ಕಾಂಗ್ರೆಸ್ಸಿನಿಂದ ಬೇಸತ್ತು ಹೊರಬಂದ ಹಿರಿಯ ಗಾಂಧಿವಾದಿಗಳು ಮತ್ತು ಗದ್ದೆಗಿಳಿದು ಜೈಲಿಗೆ ಹೋದ ಹುಡುಗರು ಒಂದೇ ಮನೆಯಲ್ಲಿ ಇರಬೇಕಾಯಿತು.

ಇರಲಾಗಲಿಲ್ಲ. ಒಡಕು ಶುರುವಾದದ್ದು ಸಾಗರದಿಂದ ಬಹಳ ದೂರ, ತಿರುವಾಂಕೂರು-ಕೊಚ್ಚಿಯಲ್ಲಿ. ಅಲ್ಲಿ 1954ರಲ್ಲಿ ಬರೀ 19 ಶಾಸಕರಿದ್ದ ಪಿಎಸ್‌ಪಿ ಕಾಂಗ್ರೆಸ್ಸಿನ ಬೆಂಬಲದಿಂದ ಸರ್ಕಾರ ಮಾಡಿತು, ಪಟ್ಟಂ ಥಾಣು ಪಿಳ್ಳೈ ಮುಖ್ಯಮಂತ್ರಿ. ಅದೇ ವರ್ಷ ಅವರ ಪೊಲೀಸರು ಚಳವಳಿಗಾರರ ಮೇಲೆ ಗುಂಡು ಹಾರಿಸಿದರು. ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಲೋಹಿಯಾ ತಮ್ಮದೇ ಸರ್ಕಾರದ ರಾಜೀನಾಮೆ ಕೇಳಿದರು. ಪಕ್ಷ ಒಪ್ಪಲಿಲ್ಲ. ಮರುವರ್ಷ ಆವಡಿಯಲ್ಲಿ ಕಾಂಗ್ರೆಸ್ ತಾನೂ ಸಮಾಜವಾದಿ ಮಾದರಿಯ ಸಮಾಜ ಕಟ್ಟುತ್ತೇನೆ ಅಂದಿತು. ಹಾಗಾದರೆ ಕಾಂಗ್ರೆಸ್ಸಿನ ಜೊತೆ ಸಹಕರಿಸಬಾರದೇಕೆ ಅಂತ ಪಿಎಸ್‌ಪಿಯ ಒಂದು ಗುಂಪು ಯೋಚಿಸತೊಡಗಿತು. 1955ರ ಕೊನೆಗೆ ಲೋಹಿಯಾ ಹೊರನಡೆದು ಬೇರೆ ಸಮಾಜವಾದಿ ಪಕ್ಷ ಕಟ್ಟಿದರು. ಗೋಪಾಲಗೌಡರು ಲೋಹಿಯಾ ಜೊತೆ ನಿಂತರು.

ನನಗೆ ಅವರ ಬದುಕಿನ ದೊಡ್ಡ ತಿರುವು ಇದೇ ಅನಿಸುತ್ತೆ, ಕಾಗೋಡಿಗಿಂತ. ಕಾಗೋಡಿಗೆ ಹೋಗುವಾಗ ಯೌವನವಿತ್ತು, ಹೋರಾಟದ ಕಾವಿತ್ತು. ಇಲ್ಲಿ ಮಾತ್ರ ಲೆಕ್ಕ ಗೊತ್ತಿದ್ದೂ ಸಣ್ಣದನ್ನು ಆರಿಸಿಕೊಂಡರು. 1956ರಲ್ಲಿ ಕನ್ನಡ ನಾಡು ಒಂದಾಗಿ ವಿಧಾನಸಭೆ 208 ಸ್ಥಾನಕ್ಕೆ ಏರಿತು. (ಏಕೀಕರಣಕ್ಕೆ ಹಳೇ ಮೈಸೂರಿನ ಹಲವು ನಾಯಕರು ಹಿಂದೇಟು ಹಾಕುತ್ತಿದ್ದಾಗ ಗೋಪಾಲಗೌಡರು ಅದರ ಪರ ಇದ್ದವರು.) 1957ರ ಚುನಾವಣೆಯಲ್ಲಿ ಪಿಎಸ್‌ಪಿಗೆ 18 ಸ್ಥಾನ ಬಂತು. ಲೋಹಿಯಾ ಪಕ್ಷಕ್ಕೆ ಮಾನ್ಯತೆಯೇ ಇರಲಿಲ್ಲ, ಅದರ ಅಭ್ಯರ್ಥಿಗಳು ದಾಖಲೆಯಲ್ಲಿ ಪಕ್ಷೇತರರು. ಗೋಪಾಲಗೌಡರು ಸೋತರು.

ಸೋಲಿಗೆ ಇನ್ನೊಂದು ಕಾರಣವನ್ನೂ ಲೆಕ್ಕಕ್ಕೆ ತಗೋಬೇಕು, ಅದು ಅಷ್ಟು ರೋಚಕವಲ್ಲ. ಎದುರು ಪಕ್ಷ ಸುಮ್ಮನೆ ಕೂತಿರಲಿಲ್ಲ. ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪ ಕಂದಾಯ ಮಂತ್ರಿಯಾಗಿದ್ದರು, 1956ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯೂ ಆದರು. ಗೇಣಿದಾರರಿಗೆ ರಕ್ಷಣೆ ಕೊಡುವ ಕಾನೂನು 1952ರಲ್ಲೇ ಬಂದಿತ್ತು. ಮುಂದೆ ಅವರದೇ ಕಾಲದಲ್ಲಿ 1961ರ ಭೂಸುಧಾರಣಾ ಕಾನೂನು ರೂಪುಗೊಂಡಿತು. ಕಾಗೋಡಿನ ಗದ್ದೆಯಲ್ಲಿ ಎದ್ದ ಬೇಡಿಕೆ ಸ್ವಲ್ಪ ನೀರು ಬೆರೆಸಿಕೊಂಡು ಕಾಂಗ್ರೆಸ್ಸಿನ ಮಸೂದೆಯಾಯಿತು. ಸಣ್ಣ ಪಕ್ಷದ ಗೆಲುವು ಅಂದರೆ ಇದೇನಾ, ಅಥವಾ ಸಣ್ಣ ಪಕ್ಷ ಸಾಯುವುದು ಹೀಗೇನಾ? ಎರಡೂ ಹೌದು ಅಂತ ಕಾಣುತ್ತೆ.

1962ರಲ್ಲಿ ಗೋಪಾಲಗೌಡರು ಮತ್ತೆ ಗೆದ್ದು ಬಂದರು. ಆ ಸಲದ ಪಟ್ಟಿ ನೋಡಿ: ಕಾಂಗ್ರೆಸ್ 138, ಪಿಎಸ್‌ಪಿ 20, ಸ್ವತಂತ್ರ ಪಕ್ಷ 9, ಲೋಹಿಯಾ ಅವರ ಸಮಾಜವಾದಿ ಪಕ್ಷ 1. ಒಂದು ಅಂಕಿಯ ಪಕ್ಷ ಸದನದಲ್ಲಿ ಏನು ಮಾಡಬಹುದು? ಮಸೂದೆ ಬೀಳಿಸಲಾಗದು, ಸರ್ಕಾರ ಉರುಳಿಸಲಾಗದು. ಮಾತಾಡಬಹುದು ಅಷ್ಟೇ. ಗೋಪಾಲಗೌಡರು ಮಾತಾಡಿದರು. ಬಗರ್‌ಹುಕುಂ ರೈತರ ಬಗ್ಗೆ, ಗೇಣಿ ಬಗ್ಗೆ, ಆಡಳಿತ ಕನ್ನಡದಲ್ಲಿ ನಡೆಯಬೇಕು ಅನ್ನುವುದರ ಬಗ್ಗೆ, ಈ ರಾಜ್ಯಕ್ಕೆ ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಅನ್ನುವ ಹೆಸರು ಬರಬೇಕು ಅನ್ನುವುದರ ಬಗ್ಗೆ. ಸಾಹಿತ್ಯ ಓದಿದ, ಸಂಗೀತ ಬಲ್ಲ ಮನುಷ್ಯ. ಸಿಟ್ಟು ಬಂದರೆ ತಡೆಯಲಾಗದು. ಅಡಿಗ, ಲಂಕೇಶ್, ಅನಂತಮೂರ್ತಿ ತಲೆಮಾರಿನ ಲೇಖಕರಿಗೆ ರಾಜಕಾರಣ ಅಂದರೆ ಇವರೇ ಆದರು. ಕರ್ನಾಟಕದ ಸಮಾಜವಾದ ಓಟಿನಲ್ಲಿ ಗಳಿಸದ್ದನ್ನು ಸಾಹಿತ್ಯದಲ್ಲಿ ಗಳಿಸಿತು ಅಂತ ಹೇಳಿದರೆ ತಪ್ಪಾಗಲಾರದು. ಅದು ಒಳ್ಳೆಯದೇ, ಆದರೆ ಸ್ವಲ್ಪ ಮೋಸವೂ ಹೌದು. ಕಾದಂಬರಿಯಲ್ಲಿ ಬದುಕಿದ ಪಕ್ಷಕ್ಕೆ ಬೂತ್ ಮಟ್ಟದಲ್ಲಿ ಜನ ಬೇಕಿಲ್ಲ.

1964ರಲ್ಲಿ ಮತ್ತೆ ಕೂಡುವ ಪ್ರಯತ್ನ. ಪಿಎಸ್‌ಪಿ ಮತ್ತು ಲೋಹಿಯಾ ಪಕ್ಷ ಸೇರಿ ಸಂಯುಕ್ತ ಸಮಾಜವಾದಿ ಪಕ್ಷ, ಎಸ್‌ಎಸ್‌ಪಿ. 1965ರ ಜನವರಿಯಲ್ಲೇ ವಾರಾಣಸಿಯಲ್ಲಿ ಒಡೆಯಿತು. ಪಿಎಸ್‌ಪಿಯ ಬಹುಪಾಲು ಜನ ವಾಪಸ್ ತಮ್ಮ ಗುಡಿಸಲಿಗೆ ಹೋದರು, ಉಳಿದವರು ಆಲದ ಮರದ ಕೆಳಗೆ. ಓದುವ ನಿಮಗೇ ಇದು ಗೋಜಲು ಅನಿಸಿದರೆ, ಹೊಸನಗರದ ಹಳ್ಳಿಯ ಮತದಾರನಿಗೆ ಹೇಗಿರಬೇಡ!

ಅದೇ ಹೊತ್ತಿಗೆ ಲೋಹಿಯಾ ಕಾಂಗ್ರೆಸ್ಸೇತರವಾದ ಮುಂದಿಟ್ಟರು. ಕಾಂಗ್ರೆಸ್ಸಿಗೆ ಬಹುಮತದ ಓಟು ಎಲ್ಲೂ ಇಲ್ಲ, ಎದುರಿನ ಓಟು ಒಡೆದಿರುವುದರಿಂದ ಗೆಲ್ಲುತ್ತಿದೆ, ಆದ್ದರಿಂದ ಎದುರಿನವರೆಲ್ಲ ಒಂದು ಕ್ಷೇತ್ರಕ್ಕೆ ಒಬ್ಬನೇ ಅಭ್ಯರ್ಥಿ ಹಾಕಲಿ. ನ್ಯೂಯಾರ್ಕಿನವರು ಎಣಿಕೆಯಲ್ಲಿ ಮಾಡುವುದನ್ನು ಇವರು ನಾಮಪತ್ರದ ಹಂತದಲ್ಲೇ ಮಾಡಬೇಕು ಅಂದರು. 1967ರಲ್ಲಿ ಉತ್ತರದ ಹಲವು ರಾಜ್ಯಗಳಲ್ಲಿ ಇದು ಕೆಲಸ ಮಾಡಿತು. ಬಿಹಾರ, ಉತ್ತರ ಪ್ರದೇಶಗಳಲ್ಲಿ ಸಂಯುಕ್ತ ಸರ್ಕಾರಗಳು ಬಂದವು, ಸಮಾಜವಾದಿಗಳೂ ಜನಸಂಘದವರೂ ಒಂದೇ ಸಂಪುಟದಲ್ಲಿ ಕೂತರು. ಆ ಕೂಡಿಕೆಯಿಂದ ಜನಸಂಘಕ್ಕೆ ಸಿಕ್ಕ ಮಾನ್ಯತೆಯ ಬೆಲೆ ಯಾರು ತೆತ್ತರು ಅನ್ನುವುದು ಸಮಾಜವಾದಿಗಳು ಇವತ್ತಿಗೂ ಉತ್ತರಿಸಲು ತಡವರಿಸುವ ಪ್ರಶ್ನೆ.

ಮೈಸೂರಿನಲ್ಲಿ ಮಾತ್ರ ಅದು ನಡೆಯಲಿಲ್ಲ. 216ರಲ್ಲಿ ಕಾಂಗ್ರೆಸ್ಸಿಗೆ 126. ಪಿಎಸ್‌ಪಿಗೆ 20, ಎಸ್‌ಎಸ್‌ಪಿಗೆ 6, ಸ್ವತಂತ್ರ ಪಕ್ಷಕ್ಕೆ 16, ಪಕ್ಷೇತರರು 41. ಕಾಂಗ್ರೆಸ್ಸಿನ ಓಟು ಅರ್ಧಕ್ಕಿಂತ ಕಡಿಮೆಯೇ. ಲೋಹಿಯಾ ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು, ಕೂಡಿಸುವವರು ಇರಲಿಲ್ಲ. ಆದರೆ ಶಿವಮೊಗ್ಗ ಜಿಲ್ಲೆ ಬೇರೆಯೇ ಮಾತಾಡಿತು. ಗೋಪಾಲಗೌಡರು ತೀರ್ಥಹಳ್ಳಿಯಿಂದ ಗೆದ್ದರು. ಸೊರಬದಿಂದ ಎಸ್. ಬಂಗಾರಪ್ಪ ಮೊದಲ ಸಲ ಸದನಕ್ಕೆ ಬಂದರು. ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಜೆ.ಎಚ್. ಪಟೇಲ್ ದೆಹಲಿಗೆ ಹೋಗಿ, ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ರಾಜ್ಯದ ತುಂಬ ಚೆಲ್ಲಿಹೋಗಿದ್ದ ಪಕ್ಷ ಈ ಒಂದು ಜಿಲ್ಲೆಯಲ್ಲಿ ಗುಡ್ಡೆಬಿದ್ದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೋಹಿಯಾ ತೀರಿಕೊಂಡರು.

ಇಲ್ಲಿ ಗೋಪಾಲಗೌಡರ ಬಗ್ಗೆ ಒಂದು ಆಕ್ಷೇಪ ಎತ್ತಲೇಬೇಕು. ಬಿಡಿ ಬಿಡಿ ನಾಯಕರನ್ನು ಬೆಳೆಸಿದರೇ ಹೊರತು ಪಕ್ಷವನ್ನು ಜಿಲ್ಲೆಯಾಚೆ ಬೆಳೆಸಲಿಲ್ಲ. ಸೀಟಿಗಾಗಿ ಚೌಕಾಸಿ ಮಾಡುವುದನ್ನು ಅವರು ಕೀಳು ಕೆಲಸ ಅಂತ ಭಾವಿಸಿದ ಹಾಗೆ ಕಾಣುತ್ತದೆ. ಸಣ್ಣ ಪಕ್ಷಕ್ಕೆ ಅದು ಕೀಳಲ್ಲ, ಅದೇ ಅದರ ಕಸುಬು. ಒಬ್ಬ ಮನುಷ್ಯನ ನೈತಿಕತೆಯ ಮೇಲೆ ನಿಂತ ಪಕ್ಷ ಆ ಮನುಷ್ಯ ಹಾಸಿಗೆ ಹಿಡಿದಾಗ ಹಾಸಿಗೆ ಹಿಡಿಯುತ್ತೆ.

ಹಾಗೇ ಆಯಿತು. ಕಾಯಿಲೆ ಅವರನ್ನು ಬೇಗ ಕುಗ್ಗಿಸಿತು. 1971ರಲ್ಲಿ ಪಿಎಸ್‌ಪಿ, ಎಸ್‌ಎಸ್‌ಪಿ ಮತ್ತೊಮ್ಮೆ ಸೇರಿ ಸಮಾಜವಾದಿ ಪಕ್ಷವಾದವು. 1972ರ ಚುನಾವಣೆಯಲ್ಲಿ ಇಂದಿರಾ ಅಲೆ, ದೇವರಾಜ ಅರಸು ನಾಯಕತ್ವ, 216ರಲ್ಲಿ 165 ಕಾಂಗ್ರೆಸ್ಸಿಗೆ. ಸಮಾಜವಾದಿಗಳಿಗೆ ಬಂದದ್ದು 3. ಮೂರೂ ಶಿವಮೊಗ್ಗ ಜಿಲ್ಲೆಯವು: ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ. ಇಪ್ಪತ್ತು ವರ್ಷದ ಹಿಂದೆ ಹೊರಟಲ್ಲಿಗೇ, ಅದೇ ಮೂರಕ್ಕೆ, ಲೆಕ್ಕ ವಾಪಸ್ ಬಂದಿತ್ತು. ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ವಯಸ್ಸು 49.

1973ರ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು. 1974ರ ಮಾರ್ಚ್‌ನಲ್ಲಿ ಅರಸು ಅವರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರು, ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಸಾವಿರಾರು ಜನ ಗದ್ದೆಯ ಒಡೆಯರಾದರು. ಕೊಡಿಸಿದ್ದು 165 ಸ್ಥಾನದ ಪಕ್ಷ. ಮೂರು ಸ್ಥಾನದವರು ಅದನ್ನು ಇಪ್ಪತ್ಮೂರು ವರ್ಷದಿಂದ ಕೇಳುತ್ತ ಬಂದಿದ್ದರು.

ಚಿಹ್ನೆ ಬಿಟ್ಟುಕೊಡುವ ಆಟ ಅವರ ಶಿಷ್ಯರ ಕಾಲದಲ್ಲಿ ಜೋರಾಯಿತು. 1983ರಲ್ಲಿ ಬಂಗಾರಪ್ಪ ನಾಯಕತ್ವದ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ, ಜನತಾ ಚಿಹ್ನೆಯಲ್ಲೇ ಚುನಾವಣೆಗೆ ಹೋಯಿತು. ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ ಸೋತಿತು. ಆ 95ರಲ್ಲಿ ರಂಗದ ಪಾಲು ಎಷ್ಟು ಅಂತ ಆಯೋಗದ ಪಟ್ಟಿ ಹೇಳುವುದಿಲ್ಲ. ಮುಖ್ಯಮಂತ್ರಿಯಾದದ್ದು ರಾಮಕೃಷ್ಣ ಹೆಗಡೆ. ಬಂಗಾರಪ್ಪ ಸಿಟ್ಟಾಗಿ ಕಾಂಗ್ರೆಸ್ಸಿಗೆ ಮರಳಿದರು, 1990ರಲ್ಲಿ ಅಲ್ಲಿಂದಲೇ ಮುಖ್ಯಮಂತ್ರಿಯಾದರು. ಪಟೇಲರು 1996ರಲ್ಲಿ ಜನತಾದಳದಿಂದ ಆದರು. ಕಾಗೋಡು ತಿಮ್ಮಪ್ಪ ಕಾಂಗ್ರೆಸ್ ಸೇರಿ ಸ್ಪೀಕರ್ ಆದರು, ಕಂದಾಯ ಸಚಿವರಾದರು. ಗೋಪಾಲಗೌಡರ ಪಕ್ಷದಿಂದ ಬಂದವರಿಗೆ ಎರಡು ಸಲ ಮುಖ್ಯಮಂತ್ರಿ ಕುರ್ಚಿ ಸಿಕ್ಕಿತು, ಪಕ್ಷಕ್ಕೆ ಒಮ್ಮೆಯೂ ಸಿಗಲಿಲ್ಲ.

ಇವತ್ತಿನ ಮಾತಿಗೆ ಬಂದರೆ, 2023ರಲ್ಲಿ ಮೇಲುಕೋಟೆಯಲ್ಲಿ ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನೇ ಹಾಕದೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯನವರನ್ನು ಬೆಂಬಲಿಸಿತು. ಅವರು ತಮ್ಮ ಪಕ್ಷದ ಹೆಸರಲ್ಲೇ ಗೆದ್ದರು. ಸಣ್ಣ ಪಕ್ಷ ತನ್ನ ಗುರುತು ಉಳಿಸಿಕೊಂಡೇ ಓಟು ಕೂಡಿಸಿಕೊಂಡ ಇಂಥ ಉದಾಹರಣೆ ನಮ್ಮಲ್ಲಿ ಅಪರೂಪ.

ಹೊಸನಗರ ವಿಧಾನಸಭಾ ಕ್ಷೇತ್ರ ಈಗ ಇಲ್ಲ. 2008ರ ಪುನರ್ವಿಂಗಡಣೆಯಲ್ಲಿ ಆ ತಾಲೂಕು ಎರಡು ಪಾಲಾಯಿತು. ಒಂದು ಭಾಗದ ಜನ ಸಾಗರದ ಅಭ್ಯರ್ಥಿಗೆ, ಇನ್ನೊಂದು ಭಾಗದವರು ತೀರ್ಥಹಳ್ಳಿಯ ಅಭ್ಯರ್ಥಿಗೆ ಓಟು ಹಾಕುತ್ತಾರೆ. ಎರಡೂ ಕಡೆಯ ಮತಯಂತ್ರದಲ್ಲಿ ಮರದ ಗುರುತು ಹುಡುಕಿದರೂ ಸಿಗುವುದಿಲ್ಲ.